ಹಳ್ಳದ ದಂಡೆಗೆ ನಾನೇ ಹೊದಿಸಿದ ಹಳದಿ ಹೂವು

ಸಂಸೆ ಕಡೆಯ ಗುಡ್ಡದ ರಸ್ತೆಗೆ ಹೂವು ಮುಡಿಸಲು ಹೊರಟಿರುವ ಅಧಿಕಾರಿಗಳೇ,

ಮಾನ್ಯರೇ, ರಸ್ತೆಯಂಚಿನ ಇಳಿಜಾರು ಧರೆಗೆಲ್ಲ ಸಿಂಗಾಪುರ ಡೈಸಿ ಎಂಬ ಹಳದಿ ಹೂವಿನ ಬಳ್ಳಿ ನೆಡಿಸುತ್ತೀರಂತೆ. ನಿಮ್ಮ ನರ್ಸರಿಯಲ್ಲಿ ಅದು ಚಿಗುರಿ ನಿಂತಿರುವುದನ್ನು ಕಣ್ಣಾರೆ ನೋಡಿ ಬಂದೆ. ದಯವಿಟ್ಟು ನೆಡಬೇಡಿ. ಈ ಬಳ್ಳಿಯ ವಿಷಯದಲ್ಲಿ ನನಗಿಂತ ದೊಡ್ಡ ಪಂಡಿತ ಈ ಸೀಮೆಯಲ್ಲಿಲ್ಲ. ಓದಿದ್ದು ಊರ ಶಾಲೆಯ ಏಳನೇ ಕ್ಲಾಸು, ಹಾಳು ಮಾಡಿದ್ದು ಒಂದಿಡೀ ಹಳ್ಳ.

ಆರು ವರ್ಷದ ಹಿಂದೆ ಗೋಣಿಬೀಡಿನ ನೆಂಟರ ಮನೆಯಿಂದ ಒಂದು ಹಿಡಿ ಕಡ್ಡಿ ತಂದು ಅಂಗಳದ ಧರೆಗೆ ನೆಟ್ಟೆ. ನೀರು ಬೇಡ, ಗೊಬ್ಬರ ಬೇಡ, ವರ್ಷವಿಡೀ ಹೂವು. "ಕೃಷ್ಣಪ್ಪನ ಕೈಗುಣ ನೋಡಿ ಮಾರಾಯ್ರೆ" ಎಂದು ಬಂದವರಿಗೆಲ್ಲ ಕಾಫಿ ಕೊಟ್ಟೆ, ಹೋಗುವಾಗ ಕಡ್ಡಿಯನ್ನೂ ಕೊಟ್ಟೆ. ಬಳ್ಳಿ ಕಾಫಿ ಗಿಡದ ಬುಡಕ್ಕೆ ಇಳಿದಾಗ ನನ್ನ ಬುದ್ಧಿ ಇನ್ನೂ ಚುರುಕಾಯಿತು. ಮಳೆ ಹಿಡಿಯುವ ಮೊದಲೇ ಕಳೆ ಹೊಡೆಯುವ ಮಿಷನ್ ಹಾಕಿ, ನುಣ್ಣಗೆ ಕತ್ತರಿಸಿ, ಎಲ್ಲವನ್ನೂ ತೋಟದ ಕೆಳಗಿನ ಹಳ್ಳಕ್ಕೆ ನೂಕಿದೆ. ಅರ್ಧ ದಿನದಲ್ಲಿ ಕೆಲಸ ಮುಗಿಸಿದೆನೆಂದು ಮೀಸೆ ತಿರುವಿದವನೂ ನಾನೇ. ಗೆಣ್ಣಿಗೊಂದು ಬೇರು ಬಿಡುವ ಬಳ್ಳಿಯನ್ನು ಸಾವಿರ ಚೂರು ಮಾಡಿ ಬಿತ್ತುವವನನ್ನು ಏನೆಂದು ಕರೆಯುತ್ತಾರೆ? ನಿಮ್ಮ ಕಚೇರಿಯಲ್ಲಾದರೆ ಬಹುಶಃ ಸೌಂದರ್ಯ ತಜ್ಞ.

ನಮ್ಮ ತೋಟದ ಕೆಲಸಕ್ಕೆ ಬರುವ ತಂಗಮ್ಮ ಆ ಹಳ್ಳದ ದಂಡೆಯಲ್ಲೇ ಒಂದೆಲಗ, ಕೆಸು ಕೊಯ್ಯುತ್ತಿದ್ದಳು, ಏಡಿ ಹಿಡಿಯುತ್ತಿದ್ದಳು. ಈ ಮಳೆಗಾಲ ಖಾಲಿ ಬುಟ್ಟಿ ಹಿಡಿದು ಅಂಗಳಕ್ಕೆ ಬಂದಳು.

"ಗೌಡ್ರೇ, ಏಡಿ ಬಿಲ ಎಲ್ಲ ನಿಮ್ಮ ಬಳ್ಳಿ ಅಡಿ ಹೋಯ್ತು. ಕೆಸುವೂ ಇಲ್ಲ. ಈ ಹೂವನ್ನೇ ಸಾರು ಮಾಡ್ಲಾ?"

"ಕೀಳಿಸ್ತೀನಿ ಮಾರಾಯ್ತಿ," ಎಂದೆ.

"ಯಾರ ಹತ್ರ ಕೀಳಿಸ್ತೀರಿ? ನನ್ನ ಹತ್ರನೇ ಅಲ್ವಾ?"

ಮರುದಿನವೇ ಹಳ್ಳಕ್ಕಿಳಿದೆ. ಈಗ ದಿನಾ ಬೆಳಿಗ್ಗೆ ನಾನೇ ಮೊಣಕಾಲೂರಿ ಕೀಳುತ್ತಿದ್ದೇನೆ. ಎರಡು ತಿಂಗಳಲ್ಲಿ ಇಪ್ಪತ್ತು ಮಾರು ದಂಡೆ ಬಿಡಿಸಿದ್ದೇನೆ. ಅಲ್ಲಿ ಒಂದೆಲಗ ಇನ್ನೂ ಎದ್ದಿಲ್ಲ. ಏಳುತ್ತದೋ ಇಲ್ಲವೋ, ಗೊತ್ತಿಲ್ಲ. ಒಂದು ಹಳ್ಳ ಕೆಡಿಸಲು ಒಬ್ಬ ಕೃಷ್ಣಪ್ಪ ಸಾಕಾದ. ನಿಮ್ಮ ರಸ್ತೆ ದಾಟುವ ಹಳ್ಳಗಳು ಹದಿನಾಲ್ಕು. ಅಲ್ಲೆಲ್ಲ ಮೊಣಕಾಲೂರುವವರು ಯಾರು ಸ್ವಾಮಿ, ನೀವೋ?

ನೆಡುವ ಆದೇಶ ರದ್ದು ಮಾಡಿ. ನರ್ಸರಿಯ ಬಳ್ಳಿಯನ್ನು ಕತ್ತರಿಸಬೇಡಿ, ಎಲ್ಲೂ ಎಸೆಯಬೇಡಿ. ಬೇರು ಸಮೇತ ಕಿತ್ತು, ಒಣಗಿಸಿ ಸುಡಿ. ಯಾಕೆಂದು ಮೇಲಿನವರು ಕೇಳಿದರೆ, ಸಂಸೆಯ ಕೃಷ್ಣಪ್ಪ ಹೀಗೆ ಮಾಡಿ ಕೆಟ್ಟ ಎಂದು ಕಡತದಲ್ಲಿ ಬರೆಯಿರಿ. ಸರ್ಕಾರಿ ಕಾಗದದಲ್ಲಿ ನನ್ನ ಹೆಸರು ಬರಬೇಕೆಂದು ಮೊದಲಿಂದ ಆಸೆಯಿತ್ತು. ಹೀಗಾದರೂ ಬರಲಿ.

ಇಂತಿ,
ತಂಗಮ್ಮನ ಮುಖ ನೋಡಲಾಗದೆ ಸುತ್ತುದಾರಿ ಹಿಡಿದಿರುವ
ಕೃಷ್ಣಪ್ಪ, ಸಂಸೆ