ಪೇಢಾ ಹಂಚುವ ಮೊದಲು ಬ್ರೇಕಿನ ಮಾತು

ಧಾರವಾಡ
ಫೆಬ್ರವರಿ 30, 2187

ಪೂಜ್ಯ ಇಂದುಮತಿ ಅಜ್ಜಿಯವರಿಗೆ, ನಿಮ್ಮ ವಂಶದವಳೇ ಆದ ಶಾಲ್ಮಲೆ ಕಬ್ಬೂರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಮೇ ತಿಂಗಳ ಬಿಸಿಲು ಸ್ವಲ್ಪವಾದರೂ ಕಡಿಮೆಯಾಗಲಿ ಎಂದು ಅದರ ಕೊನೆಯ ದಿನಗಳನ್ನು ಕಿತ್ತು ಇಲ್ಲಿಗೆ ಅಂಟಿಸಿದರು. ಬಿಸಿಲು ಕ್ಯಾಲೆಂಡರು ನೋಡಿಕೊಂಡು ಬರುವುದಿಲ್ಲ ಎಂದು ಆಗ ಒಬ್ಬರೂ ಬಾಯಿ ಬಿಡಲಿಲ್ಲವಂತೆ. ಬಾಯಿ ಬಿಡದಿರುವುದು ನಮ್ಮವರಿಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಕಾಲದ ಕನ್ನಡವನ್ನು ನಾನು ಕಷ್ಟಪಟ್ಟು ಕಲಿತು ಬರೆದಿದ್ದೇನೆ. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ಮೂವತ್ತೆಂಟರ ನಿಮ್ಮನ್ನು ಐವತ್ತು ದಾಟಿದ ನಾನು ಅಜ್ಜಿ ಎನ್ನುತ್ತಿರುವುದಕ್ಕೂ ಕ್ಷಮೆಯಿರಲಿ. ಇದು ನಿಮ್ಮ ಕೈಗೆ ಬಂದದ್ದು ಹಿಂದಂಚೆಯಿಂದ. ಕಳೆದುಹೋದ ಕಾಲಕ್ಕೆ ಕಾಗದ ಮುಟ್ಟಿಸುವ ಇಲಾಖೆಗೆ ನಾವು ಇಟ್ಟ ಹೆಸರು ಅದು. ಮನೆಯೊಂದಕ್ಕೆ ಒಂದೇ ಪತ್ರ, ಅದೂ ತಮ್ಮ ವಂಶದವರಿಗೆ ಮಾತ್ರ. ಬೇರೆ ಮನೆಗಳವರು ಎಲ್ಲಿ ಜಮೀನು ಕೊಂಡಿಡಬೇಕು, ಯಾರ ಜೊತೆ ಬೀಗತನ ಮಾಡಬಾರದು ಎಂದೆಲ್ಲ ಬರೆದು ಕಳಿಸುತ್ತಾರೆ. ನಾನು ಒಂದು ಸಣ್ಣ ಕಾರಿನ ಬಗ್ಗೆ ಬರೆಯುತ್ತಿದ್ದೇನೆ ಎಂದು ಕೇಳಿ ನನ್ನ ಚಿಕ್ಕಪ್ಪಂದಿರು ಮೂಗು ಮುರಿದರು. ಆದರೆ ಪತ್ರದ ಹಕ್ಕು ಮನೆಯ ಹಿರಿಯಳದ್ದು. ಆಕೆ ನನ್ನ ತಾಯಿ ಮಲಪ್ರಭೆ. ನಮ್ಮಲ್ಲಿ ಬತ್ತಿಹೋದ ಹೊಳೆಹಳ್ಳಗಳ ಹೆಸರನ್ನು ಹೆಣ್ಣುಮಕ್ಕಳಿಗೆ ಇಡುವುದು ರೂಢಿ. ನನ್ನ ತಂಗಿ ತುಪರಿ. ಅವ್ವ ತನ್ನ ಹಕ್ಕನ್ನು ಆಸ್ಪತ್ರೆಯ ಹಾಸಿಗೆಯಿಂದಲೇ ನನಗೆ ಕೊಟ್ಟಳು. ಯಾಕೆ ಕೊಟ್ಟಳು ಎಂಬುದನ್ನು ಕೊನೆಗೆ ಹೇಳುತ್ತೇನೆ.

ನೀವು ಸಣ್ಣ ಕಾರು ಎನ್ನುವುದನ್ನು ನಾವು ಗುಬ್ಬಿಗಾಡಿ ಎನ್ನುತ್ತೇವೆ. ಗುಬ್ಬಿ ಎಂದರೇನು ಎಂದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ನಾಲ್ಕು ಜನ ಮೊಣಕಾಲು ಮಡಚಿ ಕೂರಬಹುದು. ಮಾಡಿನ ಮೇಲೆ ಬಿಸಿಲು ಕುಡಿಯುವ ಹಲಗೆಯಿರುತ್ತದೆ. ಅದರಿಂದಲೇ ಗಾಡಿ ಓಡುತ್ತದೆ, ಒಳಗೆ ತಂಪೂ ಆಗುತ್ತದೆ. ಮಧ್ಯಾಹ್ನ ರಸ್ತೆಯಲ್ಲಿ ಕಾಲಿಟ್ಟರೆ ಚಪ್ಪಲಿ ಅಂಟಿಕೊಳ್ಳುವ ಊರು ಇದು. ಬಸ್ಸುಗಳು ನೆರಳುಪಾಳಿಯಲ್ಲಿ ಮಾತ್ರ, ಅಂದರೆ ಹೊತ್ತು ಮೂಡುವ ಮುಂಚೆ ಮತ್ತು ಮುಳುಗಿದ ಮೇಲೆ ಓಡುತ್ತವೆ. ಅವ್ವನ ಮೂತ್ರಪಿಂಡದ ಚಿಕಿತ್ಸೆ ಮಾತ್ರ ನಡುಮಧ್ಯಾಹ್ನಕ್ಕೇ ಬೀಳುತ್ತಿತ್ತು. ದೊಡ್ಡ ಗಾಡಿ ನಮ್ಮ ಯೋಗ್ಯತೆಗೆ ಮೀರಿದ್ದು. ಹಾಗಾಗಿ ಗುಬ್ಬಿಗಾಡಿಯೊಂದನ್ನು ತರುವುದೆಂದು ಠರಾವಾಯಿತು.

ಆರಿಸುವಾಗ ನಾನು ಕೇಳದ ಜನರಿಲ್ಲ. ಓಣಿಯಲ್ಲಿ ಯಾರಲ್ಲಿ ಗುಬ್ಬಿಗಾಡಿಯಿತ್ತೋ ಅವರ ಮನೆಗೆಲ್ಲ ಹೋಗಿ, ಕೊಟ್ಟ ಅಂಬಲಿ ಕುಡಿದು, ಗಾಡಿ ಹೇಗಿದೆ ಎಂದು ವಿಚಾರಿಸಿದೆ. ಎಲ್ಲರದೂ ಒಂದೇ ಉತ್ತರ: "ಭಾರಿ ಐತ್ರಿ, ಕಣ್ಣ ಮುಚ್ಚಿ ತಗೋರಿ." ಹೀಗೆಂದ ಒಬ್ಬಾಕೆಯ ಗಾಡಿಯ ಬಾಗಿಲಿಗೆ ಹಗ್ಗ ಕಟ್ಟಿತ್ತು. ಹಗ್ಗ ಯಾಕೆ ಎಂದರೆ ಚೆಂದಕ್ಕೆ ಎಂದಳು. ಇನ್ನೊಬ್ಬನ ಸೀಟಿನ ಕೆಳಗೆ ಸುತ್ತಿಗೆಯಿತ್ತು. ಅದನ್ನು ಕಂಡು, ಜೋಪಾನದ ಮನುಷ್ಯ ಎಂದುಕೊಂಡೆ. ಮಾರಾಟದ ಅಂಗಡಿಗೆ ಹೋದಾಗ ನನ್ನ ಜೊತೆ ಬಂದ ಬಳಗ ಕೇಳಿದ್ದಾದರೂ ಏನನ್ನು? ಒಂದು ಬಿಸಿಲಿಗೆ ಎಷ್ಟು ದೂರ ಓಡುತ್ತದೆ, ಬಣ್ಣ ಯಾವುದಿದೆ, ಪರದೆ ಎಷ್ಟು ದೊಡ್ಡದು. ನಿಮ್ಮವರೂ ಶೋರೂಮಿನಲ್ಲಿ "ಎಷ್ಟ ಕೊಡತೈತಿ?" ಎಂದು ಮೈಲೇಜೊಂದನ್ನೇ ಕೇಳಿದರಂತೆ. ಓಡುವುದನ್ನು ಎಲ್ಲರೂ ಕೇಳುತ್ತೇವೆ. ನಿಲ್ಲುತ್ತದೆಯೇ, ಬಾಗಿಲು ತೆರೆಯುತ್ತದೆಯೇ ಎಂದು ಕೇಳಿದರೆ ನಮ್ಮ ಮರ್ಯಾದೆ ಹೋಗುತ್ತದೆ.

ಗಾಡಿ ಮನೆಗೆ ಬಂದ ವಾರದಲ್ಲೇ ಅದರ ಬಾಗಿಲು ಒಮ್ಮೆ ಸಿಕ್ಕಿಕೊಂಡಿತು. ಬಿಸಿಲು ಏರಿ ಹಲಗೆ ಕಾದಾಗ ಕಿಟಕಿಗಳು ತಾವಾಗಿಯೇ ಮುಚ್ಚಿ, ಬೀಗ ಬಿದ್ದು, ಒಳಗಿನ ತಂಪು ನಿಂತುಹೋಗುತ್ತಿತ್ತು. ಕಂಪನಿಯ ರಿಪೇರಿ ಶಾಲೆಗೆ, ಅಂದರೆ ನಿಮ್ಮ ಗ್ಯಾರೇಜಿನಂಥದ್ದಕ್ಕೆ, ಒಯ್ದೆ. ಅಲ್ಲಿನ ಇಸ್ತ್ರಿ ಅಂಗಿಯ ಹುಡುಗ ಹಲ್ಲು ಕಿರಿದು, "ಅದು ದೋಷ ಅಲ್ರಿ, ಗಾಡಿ ಸ್ವಭಾವ. ರೂಢಿ ಆಗತೈತ್ರಿ" ಎಂದ. ಎರಡನೇ ಸಲ ಹೋದಾಗ ಹೊಸ ಬೀಗ ಹಾಕಿದ್ದೇವೆ, ಇನ್ನು ಚಿಂತೆಯಿಲ್ಲ ಎಂದು ಕೈಮುಗಿದು ಕಳಿಸಿದರು. ನಾನು ನಂಬಿದೆ. ಅವರು ಗಾಡಿಯನ್ನು ತೊಳೆದಿದ್ದರು, ಅಷ್ಟೇ.

ಇನ್ನು ಪೇಢಾಮಾತಿನ ವಿಚಾರ ಹೇಳಬೇಕು. ನಮ್ಮಲ್ಲಿ ಹೊಸ ಗಾಡಿ ತಂದವರು ಓಣಿಗೂ ನೆಂಟರಿಗೂ ಪೇಢಾ ಹಂಚಬೇಕು. ಎಮ್ಮೆಯ ಹಾಲಿನದಲ್ಲ, ಎಮ್ಮೆಗಳೆಲ್ಲಿವೆ. ಈಗಿನದು ಕುಸುಬಿ ಹಾಲಿನದು. ಅದನ್ನು ಬಾಯಿಗೆ ಹಾಕಿಕೊಂಡವರು "ಭಾರಿ ಆತು" ಎನ್ನಬೇಕು. ಅಲ್ಲಿಂದ ಒಂದು ವರ್ಷ ಕೊಟ್ಟವರೂ ತಿಂದವರೂ ಆ ಗಾಡಿಯ ಬಗ್ಗೆ ಕೆಟ್ಟ ಮಾತಾಡುವಂತಿಲ್ಲ. ಆಡಿದರೆ ಮನೆಗೆ ಅಶುಭ, ಆಡಿದವರು ಬಾಯಿ ಕಹಿ ಮಾಡಿದವರು. ಕಂಪನಿಯ ವಾರಂಟಿಯೂ ಅದೇ ಒಂದು ವರ್ಷ! ನಾವು ಬಾಯಿ ತೆರೆಯುವ ಹೊತ್ತಿಗೆ ಅವರು ಕೈ ತೊಳೆದುಕೊಂಡಿರುತ್ತಾರೆ. ತಮ್ಮ ಗಾಡಿಯ ಮೇಲೆ ದೂರೇ ಇಲ್ಲವೆಂದು ಜಾಹೀರಾತು ಹಾಕುತ್ತಾರೆ, ಮುಂದಿನ ಗಾಡಿಗೂ ಅದೇ ಬೀಗ ಜಡಿಯುತ್ತಾರೆ. ಈಗಂತೂ ಪೇಢಾ ಡಬ್ಬಿಯನ್ನು ಕಂಪನಿಯೇ ಕೀಲಿಕೈಯ ಜೊತೆ ಪುಕ್ಕಟೆ ಕೊಡುತ್ತದೆ. ನಮ್ಮ ಜನ ಅದನ್ನು ಎರಡೂ ಕೈ ಚಾಚಿ ಇಸಿದುಕೊಂಡು ಬರುತ್ತಾರೆ.

ಈ ಸಂಕ್ರಾಂತಿ ಕಳೆದ ಮರುವಾರ ಅವ್ವನನ್ನು ಗಾಡಿಯಲ್ಲಿ ಕೂರಿಸಿ, ತಂಪು ಹಾಕಿಟ್ಟು, ಔಷಧಿ ತರಲು ಅಂಗಡಿಯೊಳಗೆ ಹೋಗಿದ್ದೆ. ಹೊರಗೆ ಬಂದು ನೋಡಿದರೆ ಗಾಡಿಯ ಸುತ್ತ ಜನ ನಿಂತಿದ್ದರು. ಒಳಗೆ ಅವ್ವ ಗಾಜು ಬಡಿಯುತ್ತಿದ್ದಳು. ಮೊದಮೊದಲು ಮುದುಕಿ ತಮಗೆ ಕೈ ಬೀಸುತ್ತಿದ್ದಾಳೆ ಎಂದು ತಿಳಿದು ಇಬ್ಬರು ತಾವೂ ಕೈ ಬೀಸಿದರಂತೆ. ನಾನು ಪಾದಚಾರಿ ದಾರಿಯ ಕಲ್ಲೊಂದನ್ನು ಕಿತ್ತು ಎತ್ತಿದಾಗ ಅದೇ ಜನ ನನ್ನ ಕೈ ಹಿಡಿದರು. "ಹೊಸಾ ಗಾಡಿ ಐತ್ರಿ, ಗಾಜ ಒಡೀಬ್ಯಾಡ್ರಿ!" ಎಂದು ಒಬ್ಬ ಕೂಗಿದ. ಹಣೆಗೆ ಹಚ್ಚಿದ ಕುಂಕುಮ ಇನ್ನೂ ಅಳಿಸಿಲ್ಲವಲ್ಲ ಎಂದು ಇನ್ನೊಬ್ಬ ಮರುಗಿದ. ಅವನು ಹೇಳಿದ್ದು ಅವ್ವನ ಹಣೆಯನ್ನಲ್ಲ, ಗಾಡಿಯ ಹಣೆಯನ್ನು. ಥೂ! ನಾನು ಗಾಜು ಒಡೆದೆ. ಅವ್ವನ ಬೆರಳುಗಳು ಮುರಿದಿದ್ದವು, ತುಟಿ ಕಪ್ಪಾಗಿತ್ತು. ಜೀವ ಹೇಗೋ ಉಳಿಯಿತು.

ಇಷ್ಟಾದ ಮೇಲೂ ನನಗೆ ಇಂಥ ಹೇಸಿಗೆ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು ಆಸ್ಪತ್ರೆಯಲ್ಲಿ. ತುಪರಿಯ ಅತ್ತೆ ನೋಡಲು ಬಂದರು. ಅವರ ಮನೆಯಲ್ಲೂ ಗುಬ್ಬಿಗಾಡಿ ತರುವ ಮಾತು ನಡೆದಿತ್ತು. ಅವ್ವನ ಯೋಗಕ್ಷೇಮ ಕೇಳಿದಂತೆ ಮಾಡಿ, ಹಾಸಿಗೆಯ ಅಂಚಿಗೆ ಕೂತು, ಅವರು ಕೇಳಿದರು: "ಬೀಗತಿ, ಗಾಡಿ ಹೆಂಗೈತ್ರಿ?" ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು ಕಟ್ಟಿಸಿಕೊಂಡು ಮಲಗಿದ್ದ ನನ್ನ ಹೆತ್ತ ತಾಯಿ ಹೇಳಿದಳು: "ಗಾಡಿ ಭಾರಿ ಐತ್ರಿ. ತಪ್ಪ ನಂದು, ಬಿಸಲಾಗ ಕುಂತಿದ್ದೆ."

ನನಗೆ ತಡೆಯಲಾಗಲಿಲ್ಲ. ಅಲ್ಲಿಯೇ, ನರ್ಸುಗಳ ಮುಂದೆಯೇ, ಬೀಗ, ಕಿಟಕಿ, ರಿಪೇರಿ ಶಾಲೆಯ ಹುಡುಗ, ಹಗ್ಗ, ಸುತ್ತಿಗೆ ಎಲ್ಲವನ್ನೂ ಹೇಳಿದೆ. ಕೊಳ್ಳಬೇಡಿ, ನಿಮ್ಮ ಮೊಮ್ಮಗು ಹಿಂದಿನ ಸೀಟಿನಲ್ಲಿ ಮಲಗುತ್ತದೆ, ಅದಕ್ಕೆ ಗಾಜು ಬಡಿಯಲೂ ಬರುವುದಿಲ್ಲ ಎಂದೆ. ಆ ಹೆಂಗಸು ಗಾಬರಿಯಾದದ್ದು ಬೀಗಕ್ಕಲ್ಲ, ನನ್ನ ಬಾಯಿಗೆ. "ಪೇಢಾ ನಾನೂ ತಿಂದೇನಿ, ನೀನೂ ತಿಂದೀದಿ. ಇಂಥಾ ಮಾತ ಆಡತಾರೇನವಾ?" ಎಂದು ಚೀಲ ಎತ್ತಿಕೊಂಡು ಹೋದರು. ಅಂದಿನಿಂದ ಓಣಿಯಲ್ಲಿ ನಮ್ಮ ಮನೆಯ ನೀರು ಯಾರೂ ಕುಡಿಯುವುದಿಲ್ಲ. ತಾನೇ ಕೊಂಡ ಗಾಡಿಗೆ ಕೆಟ್ಟದ್ದು ಆಡಿದವಳು, ಇವಳಿಗೆ ಹೊಟ್ಟೆಕಿಚ್ಚು ಎಂದು ಹಗ್ಗ ಕಟ್ಟಿದವಳೇ ಹೇಳಿಕೊಂಡು ತಿರುಗುತ್ತಿದ್ದಾಳೆ. ಕಳೆದ ವಾರ ತುಪರಿಯ ಮನೆಗೆ ಗಾಡಿ ಬಂತು. ಅದೇ ಕಂಪನಿ, ಅದೇ ಬೀಗ. ತುಪರಿ ಅತ್ತೆಗೆ ಎದುರಾಡಲಾರಳು. ಅವಳು ಕಳಿಸಿದ ಪೇಢಾ ಡಬ್ಬಿ ನನ್ನ ಮೇಜಿನ ಮೇಲಿದೆ. ನಾನು ಅದನ್ನು ತೆರೆದಿಲ್ಲ.

ಇದಕ್ಕೂ ನಿಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಪೇಢಾಮಾತು ಹುಟ್ಟಿದ್ದೇ ನಿಮ್ಮ ಅಂಗಳದಲ್ಲಿ, ಅಜ್ಜಿ. ನಮ್ಮ ಮನೆಯ ಹಿರಿಯರು ಆ ಕಥೆಯನ್ನು ಹಬ್ಬಹಬ್ಬಕ್ಕೂ ಬೆನ್ನು ತಟ್ಟಿಕೊಂಡು ಹೇಳುತ್ತಾರೆ. ನೀವೂ ನಿಮ್ಮ ಯಜಮಾನರಾದ ಶಿವಯೋಗಿ ಅಜ್ಜನವರೂ ಆಸೆಪಟ್ಟು ಬಿಳಿಯ ಸಣ್ಣ ಕಾರು ತಂದಿರಿ. ನವಲೂರಿನ ಇಳಿಜಾರಿನಲ್ಲಿ ಅದರ ಬ್ರೇಕು ಪೆಡಲು ಸೀದಾ ನೆಲ ಮುಟ್ಟಿತು, ಗಾಡಿ ಪೇರಲ ತೋಟದ ಬೇಲಿಗೆ ನುಗ್ಗಿ ನಿಂತಿತು. ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಗುವ ಭಾಗವಿದು. ಮಾರನೆಯ ದಿನ, ಅಂದರೆ ಈ ಪತ್ರ ನಿಮ್ಮ ಕೈ ಸೇರುವ ಇಂದು, ಗೀಚಿದ ಕಡೆ ಹೂವಿನ ಹಾರ ಇಳಿಬಿಟ್ಟು ಪೂಜೆ ಮಾಡಿಸಿ ಸಂಜೆ ಪೇಢಾ ಹಂಚುತ್ತೀರಿ. ಎದುರು ಮನೆಯ ಕುಸುಮಾ ಬಳಿಗಾರ ಬಂದು ತಾವೂ ಅದೇ ಗಾಡಿ ನೋಡುತ್ತಿದ್ದೇವೆ, ಹೇಗಿದೆ ಎಂದು ಕೇಳುತ್ತಾರೆ. ನೀವು ಅಜ್ಜನ ಮುಖ ನೋಡುತ್ತೀರಿ. ಅಜ್ಜ ಅವರ ಕೈಗೆ ಪೇಢಾ ಇಟ್ಟು, "ಮೊದಲ ಬಾಯಿ ಸಿಹಿ ಮಾಡ್ರಿ. ಪೇಢಾ ತಿಂದ ಮ್ಯಾಲೆ ಗಾಡಿ ಬಗ್ಗೆ ಕೆಟ್ಟದ್ದ ಮಾತಾಡಂಗಿಲ್ಲ ಮತ್ತ" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಆ ಮಾತು ಓಣಿಗೆ ಹಿಡಿಸಿ, ಓಣಿಯಿಂದ ಊರಿಗೆ ಹೋಗಿ, ಇಲ್ಲಿಯವರೆಗೆ ಬಂತು. ಕುಸುಮಾ ಮರುದಿನವೇ ಗಾಡಿ ಬುಕ್ ಮಾಡಿದರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆಮೇಲೆ ಅವರು ನಮ್ಮ ಮನೆಯ ಯಾವ ಕಥೆಯಲ್ಲೂ ಬರುವುದಿಲ್ಲ. ಎದುರು ಮನೆಯವರು ಇದ್ದಕ್ಕಿದ್ದಂತೆ ಯಾಕೆ ಇಲ್ಲವಾದರು ಎಂದು ನಾನು ಕೇಳಿದಾಗ ಚಿಕ್ಕಪ್ಪಂದಿರು ಮಾತು ಬದಲಾಯಿಸಿದರು.

ಕೆಟ್ಟ ಗಾಡಿ ಮಾಡಿದವರ ಮೇಲೆ ನನಗೆ ಸಿಟ್ಟಿದೆ. ಆದರೆ ಹೇಸಿಗೆ ಎನಿಸುವುದು ನಮ್ಮವರನ್ನು ಕಂಡರೆ. ಮೋಸ ಹೋದೆವು ಎಂದು ಹೇಳಿಕೊಳ್ಳಲು ನಾಚಿ, ಇನ್ನೊಬ್ಬರೂ ಮೋಸ ಹೋಗಲಿ ಎಂದು ಬಿಡುವ ಈ ನಗುಮುಖಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ನೀವು ಕೆಟ್ಟವರಲ್ಲ ಎಂದು ಬಲ್ಲೆ. ಹಾರ ಹಾಕಿದ ಗಾಡಿಯ ಮುಂದೆ, ಗಂಡನ ಪಕ್ಕ ನಿಂತು, ಇದರ ಬ್ರೇಕು ಹಿಡಿಯುವುದಿಲ್ಲ ಎನ್ನುವುದು ಎಷ್ಟು ಕಷ್ಟ ಎಂಬುದನ್ನೂ ಬಲ್ಲೆ. ಆದರೂ ಹೇಳಿ. ಗಾಡಿಯನ್ನು ನಾಳೆಯೇ ಶೋರೂಮಿನ ಬಾಗಿಲಿಗೆ ಒಯ್ದು ನಿಲ್ಲಿಸಿ, ಹಾರವಿದ್ದರೂ ಇರಲಿ. ಸ್ವಭಾವ, ರೂಢಿ ಎಂದು ಅವರು ತಿಪ್ಪೆ ಸಾರಿಸಿದರೆ ಅಲ್ಲಿ ಬಂದ ಗಿರಾಕಿಗಳಿಗೆಲ್ಲ ಕೇಳುವಂತೆ ಮತ್ತೊಮ್ಮೆ ಹೇಳಿ.

ಅವ್ವ ಹಕ್ಕು ಕೊಟ್ಟದ್ದು ಯಾಕೆ ಎಂದು ಹೇಳುತ್ತೇನೆ ಎಂದಿದ್ದೆ. ತುಪರಿಯ ಮನೆಗೆ ಗಾಡಿ ಬಂದ ಸುದ್ದಿಯನ್ನು ಅವಳಿಗೆ ಹೇಳಿದೆ. ಅವಳು ಬ್ಯಾಂಡೇಜು ಕಟ್ಟಿದ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ, "ಬಾಗಲಾ ತೆರೀಲಿಲ್ಲ ಶಾಲ್ಮಲಿ. ಭಾಳ ಬಡದೆ" ಎಂದಳು. ಅಷ್ಟು ಹೇಳಿ ಅತ್ತಳು. ಹಿಂದಂಚೆಯವರನ್ನು ಕರೆಸಲು ಅವಳೇ ಹೇಳಿದಳು.

ಇಂದು ಸಂಜೆ ಕುಸುಮಾ ಬಂದಾಗ ಡಬ್ಬಿಯ ಮುಚ್ಚಳ ತೆರೆಯಬೇಡಿ. ಮೊದಲು ಬ್ರೇಕಿನ ಮಾತು ಹೇಳಿ, ಪೇಢಾ ಆಮೇಲೆ ಕೊಡಿ. ನೀವು ಹೇಳಿದರೆ ಆ ಶಾಸ್ತ್ರ ಹುಟ್ಟುವುದಿಲ್ಲ, ಆಗ ತುಪರಿಯ ಮನೆಯ ಈ ಡಬ್ಬಿಯೂ ನನ್ನ ಮೇಜಿಗೆ ಬಂದಿರುವುದಿಲ್ಲ. ಪತ್ರವನ್ನು ಅಂಚೆಗೆ ಹಾಕಿ ಬಂದು ನಾನು ಆ ಡಬ್ಬಿಯ ಮುಂದೆಯೇ ಕಾಯುತ್ತ ಕೂರುತ್ತೇನೆ. ಇದನ್ನು ಬರೆದು ಮುಗಿಸುವಾಗ ಅದು ಇನ್ನೂ ಇಲ್ಲೇ ಇದೆ.

ಇತಿ,
ಶಾಲ್ಮಲೆ