ರಟ್ಟಿನ ಇಪ್ಪತ್ತನಾಲ್ಕು

ರೀ,

ನಿಮ್ಮ ಇಪ್ಪತ್ತೇಳು ಇಂಚಿನ ಮಾನಿಟರ್ ಬಂತು. ಬಿಚ್ಚಿ ಮೇಜಿನ ಮೇಲಿಟ್ಟು ಡ್ಯೂಟಿಗೆ ಹೊರಟಿದ್ದೀನಿ. ನೋಡಿದ ಕೂಡಲೇ ಅಂಗಡಿಯವರಿಗೆ ಫೋನ್ ಮಾಡಿ ಕೂಗಾಡಬೇಡಿ, ಮೊದಲು ಇದನ್ನು ಓದಿ.

ಚಿಕ್ಕದಾಗಿ ಕಾಣುತ್ತೆ, ನಿಜ. ಆದರೆ ಯಾರೂ ಮೋಸ ಮಾಡಿಲ್ಲ. ಪರದೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೀತಾರಂತೆ, ತಂದುಕೊಟ್ಟವನು ಹೇಳಿದ. ಯಾವ ಸೈಜು ಬೇಕು ಅಂತ ನೋಡೋಕೆ ನೀವು ಫ್ರಿಜ್ಜಿನ ಡಬ್ಬದ ರಟ್ಟನ್ನು ಇಪ್ಪತ್ತನಾಲ್ಕು, ಇಪ್ಪತ್ತೇಳು, ಮೂವತ್ತೆರಡು ಇಂಚಿಗೆ ಕತ್ತರಿಸಿ ಗೋಡೆಗೆ ಅಂಟಿಸುವಾಗ ಬರೀ ಅಗಲ ಅಳೆದಿದ್ದೀರಿ. ಪರದೆ ಐಪಿಎಸ್ಸೋ ವಿಎಯೋ, ಫೋರ್ ಕೆ ಬೇಕೋ ಟೂ ಕೆ ಸಾಕೋ ಅಂತ ತಿಂಗಳಿಡೀ ನನ್ನ ತಲೆ ತಿಂದವರಿಗೆ ಒಂದು ಟೇಪು ಹಿಡಿಯೋಕೆ ಬರಲಿಲ್ಲ!

ಆ ಟೇಪು ನನ್ನದು. ಹೊಲಿಗೆ ಡಬ್ಬಕ್ಕೆ ವಾಪಸ್ ಹಾಕಿ.

ಗೋಡೆಯ ರಟ್ಟುಗಳನ್ನು ಇವತ್ತೇ ಕೀಳಿ. ಬೆಳಿಗ್ಗೆ ಮಾವ ಟಿವಿ ಅಂದುಕೊಂಡು ಮೂವತ್ತೆರಡರ ರಟ್ಟಿನ ಮುಂದೆ ಕುರ್ಚಿ ಹಾಕಿಕೊಂಡು, “ವಾರ್ತೆ ಹಾಕಮ್ಮ” ಅಂದರು. ನಾನೂ ರಿಮೋಟ್ ಹುಡುಕಿದೆ. ಇದನ್ನು ನಿಮ್ಮ ತಂಗಿಗೆ ಹೇಳಿದರೆ ನೋಡಿ.

ಇನ್ನೊಂದು ವಿಷಯ. ಹೊಸ ಮಾನಿಟರನ್ನು ಎತ್ತಿ ಗೋಡೆಯ ಒಂದೊಂದೇ ರಟ್ಟಿಗೆ ಹಿಡಿದು ನೋಡಿದೆ. ಹೆಚ್ಚುಕಮ್ಮಿ ಸರಿಯಾಗಿ ಕೂತಿದ್ದು ನಿಮ್ಮ ಇಪ್ಪತ್ತನಾಲ್ಕರ ರಟ್ಟು. ಮೊದಲ ದಿನ ನಾನು “ಇಷ್ಟು ಸಾಕಲ್ವಾ” ಅಂದಾಗ, “ಇದೇನು ಅಂಚೆಚೀಟಿನಾ?” ಅಂತ ನಕ್ಕಿರಲ್ಲ, ಅದೇ.

ವಾಪಸ್ ಕಳಿಸಬೇಡಿ. ಹೆಸರಿಗೆ ನಿಮ್ಮ ಇಪ್ಪತ್ತೇಳು, ಗಾತ್ರಕ್ಕೆ ನನ್ನ ಇಪ್ಪತ್ತನಾಲ್ಕು. ಮದುವೆಯಾದ ಮೇಲೆ ಒಂದೇ ಜಗಳವನ್ನು ಇಬ್ಬರೂ ಗೆದ್ದಿದ್ದು ಇದೇ ಮೊದಲು.