‘ಆಪ್ತ’ ಅಂದ್ರ ಯಾರು?

ಆರೋಗ್ಯ ಕೇಂದ್ರಗಳ ಫಲಕಗಳಿಗೆ ಶಬ್ದ ಆರಿಸಿಕೊಡುವ ಮಾನ್ಯ ಅಧಿಕಾರಿಗಳೇ,

ನೀವು ಬರೆಸಿದ ಒಂದು ಶಬ್ದದಿಂದ ನನ್ನ ತಂಗಿಯ ಸಂಸಾರ ಮುರಿಯಿತು. ಆ ಶಬ್ದ ‘ಆಪ್ತ’. ಮುರಿದ ಪಾಪದಲ್ಲಿ ಅರ್ಧ ನನ್ನದೂ ಇದೆ. ಆದರೆ ಮೊದಲು ನಿಮ್ಮ ಅರ್ಧದ ಮಾತಾಡೋಣ.

ನಾನು ಕಥೆ ಹೇಳುವವನು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಕೂತು ಕಥೆ ಹೇಳದ ಕಟ್ಟೆ ಕಡಿಮೆ. ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ತಂಗಿಯನ್ನು ಜಯಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. “ಬರಿ ಅಣ್ಣಾ, ಹೆಸರಷ್ಟ ಬ್ಯಾಡ” ಎಂದಿದ್ದಾಳೆ.

ಅವಳ ಗಂಡ ಗೋವಾದಲ್ಲಿ ಕಟ್ಟಡದ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದ. ಅಲ್ಲಿ ಹರ್ನಿಯಾ ಆಪರೇಷನ್ನಿಗೆ ಮುಂಚೆ ರಕ್ತ ಪರೀಕ್ಷೆ ಮಾಡಿದಾಗ ಎಚ್‌ಐವಿ ಇರುವುದು ತಿಳಿಯಿತು. “ನಿಮ್ಮೂರ ಕಡೆಯ ಸರ್ಕಾರಿ ಆಸ್ಪತ್ರೆಗೆ ಹೋಗು” ಎಂದು ಅಲ್ಲಿನ ಡಾಕ್ಟರು ಕಳಿಸಿದರು. ಮನೆಗೆ ಬಂದವನು ಹೆಂಡತಿಯ ಮುಂದೆ ಕೂತು, “ನನಗ ದೊಡ್ಡ ಜಡ್ಡು ಬಂದೈತಿ. ನಿನಗ ತಗಲಬಾರದು” ಎಂದು ಅತ್ತನಂತೆ. ಹೇಗೆ ಬಂತೆಂದು ಜಯಾ ಕೇಳಲಿಲ್ಲ. ನೀವೂ ಕೇಳಬೇಡಿ. “ನೀವು ಸುಮ್ಮ ಇರ್ರಿ, ನಾ ಮೊದಲ ನೋಡಿ ಬರ್ತೇನಿ” ಎಂದು ಮರುದಿನವೇ ತಾಲ್ಲೂಕಿನ ಆಸ್ಪತ್ರೆಗೆ ಹೋದಳು. ಕೊನೆಯ ಕೋಣೆಯ ಮೇಲೆ ನಿಮ್ಮ ಫಲಕ ಇತ್ತು: ‘ಸಮಗ್ರ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ.’ ಏಳನೆಯ ಇಯತ್ತೆ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿ ಓದಿ, ಒಳಗೆ ಹೋಗದೆ ಸೀದಾ ನನ್ನ ಬಳಿ ಬಂದಳು.

ಕಟ್ಟೆಯ ಮೇಲೆ ಮೂರು ನಾಲ್ಕು ಮಂದಿಯ ನಡುವೆ ಕೂತಿದ್ದೆ. ಚಹಾ ಕೊಟ್ಟೆ.

“ಅಣ್ಣಾ, ಆಪ್ತ ಅಂದ್ರ ಯಾರ?”

“ಲಗ್ನಪತ್ರಿಕಿ ಓದಿಲ್ಲೇನವ್ವಾ? ಆಪ್ತೇಷ್ಟರು ಅಂತ ಇರತೈತಿ ನೋಡು. ಮನಿ ಮಂದಿ, ಬೀಗರು, ಊಟದ ಹೊತ್ತಿಗೆ ಬರೋಬ್ಬರಿ ಬರೂ ಮಂದಿ.”

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

“ಸಮಾಲೋಚನೆ ಅಂದ್ರ?”

“ಕೂಡಿ ಕುಂತು ಮಾತಾಡೂದು. ಹಿರ್ಯಾರ ಪಂಚಾಯ್ತಿ ಇದ್ದಂಗ.”

“ಅಂದ್ರ ಎಲ್ಲಾರನ್ನೂ ಕರಸ್ತಾರ?”

“ಮತ್ತ! ಕರಸದಿದ್ರ ಅದೆಂಥಾ ಆಪ್ತ?”

“ಹಂಗಾ” ಎಂದಳು. ಚಹಾ ಹಾಗೇ ಬಿಟ್ಟು ಎದ್ದು ಹೋದಳು. ಈ ಮಾತು ಎಲ್ಲಿ ಓದಿದೆ, ಯಾಕೆ ಕೇಳುತ್ತಿದ್ದೀ ಎಂದು ನಾನು ಕೇಳಲಿಲ್ಲ. ಮಂದಿಯ ಮುಖ ನೋಡಿ ಕಥೆಯ ದಾರಿ ಹೊರಳಿಸುವವನು ನಾನು. ಅಂದು ತಂಗಿಯ ಮುಖ ನೋಡಲಿಲ್ಲ.

ಮಾವ, ಮೈದುನ, ಬೀಗರನ್ನೆಲ್ಲ ಕೂರಿಸಿ ಗಂಡನ ಜಡ್ಡು ಮಾತಾಡುವ ಜಾಗಕ್ಕೆ ಯಾವ ಹೆಣ್ಣುಮಗಳು ಹೋದಾಳು? ಅವಳು ಹೋಗಲಿಲ್ಲ, ಗಂಡನನ್ನೂ ಕಳಿಸಲಿಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲೆ ಎಚ್‌ಐವಿಯ ಪುಕ್ಕಟೆ ಸಹಾಯವಾಣಿಯ ಸಂಖ್ಯೆ ೧೦೯೭ ಬರೆದದ್ದುಂಟು. ಅದರ ಮೇಲೆ ಯಾರೋ ಟ್ಯೂಷನ್ ಕ್ಲಾಸಿನ ಪೋಸ್ಟರ್ ಅಂಟಿಸಿದ್ದರು. ತಿಳಿದಷ್ಟು ಜಾಗ್ರತೆ ಜಯಾ ತಾನೇ ಮಾಡಿದಳು. ಗಂಡನ ತಾಟು, ಲೋಟ ಬೇರೆ ಇಟ್ಟಳು. ಅವನ ಅರಿವೆಯನ್ನು ಕುದಿಯುವ ನೀರಿಗೆ ಹಾಕಿದಳು. ಹಾಸಿಗೆ ಮಾತ್ರ ಒಂದೇ ಇತ್ತು. ಜಡ್ಡು ದಾಟಿಸದಿರುವುದನ್ನೆಲ್ಲ ಬೇರೆ ಮಾಡಿ, ದಾಟಿಸುವುದನ್ನು ಹಾಗೇ ಉಳಿಸಿದಳು. ಹೇಳುವವರು ಯಾರಿದ್ದರು, ಮಾನ್ಯರೇ? ಹೇಳುವವರು ಆ ಫಲಕದ ಹಿಂದೆ ಕೂತಿದ್ದರು.

ಹತ್ತು ತಿಂಗಳಿಗೆ ಅವನಿಗೆ ಕ್ಷಯ ಬಂತು. ದೊಡ್ಡ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ದೇಹದಲ್ಲಿ ಏನೂ ಉಳಿದಿರಲಿಲ್ಲ. ಹದಿನಾಲ್ಕು ದಿನ ಬದುಕಿದ. ಅಲ್ಲಿಯೇ ಜಯಾಳ ರಕ್ತವನ್ನೂ ನೋಡಿದರು. ಅವಳಿಗೂ ಬಂದಿತ್ತು.

ಆ ಆಸ್ಪತ್ರೆಯಲ್ಲಿ ಅಂಥದೇ ಫಲಕದ ಕೋಣೆಯಲ್ಲಿ ಕೂತು ಸಲಹೆ ಹೇಳುವ ಶ್ವೇತಾ ಎಂಬ ಹುಡುಗಿ ಜಯಾಳನ್ನು ಒಳಗೆ ಕರೆದು, ಬಾಗಿಲು ಹಾಕಿ, ನೀರು ಕೊಟ್ಟಳು.

“ನಮ್ಮ ಮಂದೀನ ಯಾವಾಗ ಕರಸ್ತೀರಿ?” ಎಂದು ಜಯಾ ಕೇಳಿದಳು.

“ಯಾ ಮಂದಿ, ಅಕ್ಕಾರ?”

“ಅದ ರೀ, ಆಪ್ತರನ್ನ.”

ಶ್ವೇತಾ ಕುರ್ಚಿ ಹತ್ತಿರ ಎಳೆದುಕೊಂಡಳಂತೆ. ಆಮೇಲೆ ಹೇಳಿದಳು: “ಇಲ್ಲಿ ಆಪ್ತ ಅಂದ್ರ ನಾನ ರೀ ಅಕ್ಕಾರ. ನೀವು, ನಾನು, ಇಬ್ಬರ. ಈ ಮಾತು ಬಾಗಲಾ ದಾಟೂದಿಲ್ಲ.”

ಅರ್ಧ ತಾಸಿನಲ್ಲಿ ಎಲ್ಲ ತಿಳಿಸಿದಳು. ಒಂದೇ ತಾಟಿನಲ್ಲಿ ಉಂಡರೆ ಬರುವುದಿಲ್ಲ. ದಿನವೂ ಮಾತ್ರೆ ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಗಂಡನಿಂದ ಹೆಂಡತಿಗೆ ದಾಟುವುದಿಲ್ಲ. ಅಲ್ಲಿಯವರೆಗೆ ಕಾಂಡೋಮ್. ಪರೀಕ್ಷೆ, ಮಾತ್ರೆ, ಕಾಂಡೋಮ್ ಮೂರೂ ಪುಕ್ಕಟೆ. ಅವಳು ಮೊದಲ ದಿನ ಫಲಕ ಓದಿ ತಿರುಗಿ ಬಂದಾಗ ಸೋಂಕು ಆಗಲೇ ಇತ್ತೋ, ಆಮೇಲೆ ತಗುಲಿತೋ, ಹೇಳುವವರಿಲ್ಲ. ಇರಲಿಲ್ಲ ಎಂದುಕೊಂಡರೆ ನನಗೆ ಅನ್ನ ಇಳಿಯುವುದಿಲ್ಲ.

ಈ ಜಡ್ಡಿನ ಮಾಹಿತಿ ಮಂದಿಗೆ ತಿಳಿಯುವ ಕನ್ನಡದಲ್ಲಿ ಕೊಡಿ ಎಂದು ನಿಮ್ಮ ಕಚೇರಿಗೆ ಅರ್ಜಿ ಬರೆದೆ. ‘ಸದರಿ ಮಾಹಿತಿಯು ಜಾಲತಾಣದಲ್ಲಿ ಲಭ್ಯವಿದ್ದು, ಸಾರ್ವಜನಿಕರು ಸದುಪಯೋಗಪಡಿಸಿಕೊಳ್ಳತಕ್ಕದ್ದು’ ಎಂದು ಉತ್ತರ ಬಂತು. ಸದುಪಯೋಗಕ್ಕೆಂದು ಕಾಲೇಜು ಓದುವ ನೆರೆಮನೆಯ ಅಂಕಿತಾಳನ್ನು ಕರೆದೆ. ಮೊಬೈಲ್ ತಿಕ್ಕಿ ತಿಕ್ಕಿ, “ಕಾಕಾ, ಇಪ್ಪತ್ತೆರಡು ಸಂಶೋಧನಾ ವರದಿ ಅದಾವ, ಎಲ್ಲಾ ಇಂಗ್ಲಿಷಿನ್ಯಾಗ. ಕನ್ನಡ ಅಂತ ಒತ್ತಿದ್ರ ತಲೆಬರಹ ಅಷ್ಟ ಕನ್ನಡ ಆಕ್ಕೈತಿ” ಎಂದಳು. ತಲೆಯ ತನಕ ಬಂದ ಕನ್ನಡ ಹೊಟ್ಟೆಗೆ ಇಳಿಯುವುದು ಯಾವಾಗ, ಮಾನ್ಯರೇ?

ಕಟ್ಟೆಯಲ್ಲಿ ಹೇಳುವ ಒಂದು ಕಥೆ ಇದೆ. ಒಂದೂರಿನಲ್ಲಿ ಒಬ್ಬ ರಾಜ ದಾರಿಹೋಕರಿಗೆಂದು ಬಾವಿ ತೋಡಿಸಿ, ಮೇಲೆ ಮುಚ್ಚಳ ಹಾಕಿಸಿ, ‘ಉದಕಕೂಪ’ ಎಂದು ಕೆತ್ತಿಸಿದ. ಬಾಯಾರಿ ಬಂದವರು ಯಾವುದೋ ದೇವರಿರಬೇಕೆಂದು ಕೈಮುಗಿದು, ಕಾಯಿ ಒಡೆದು, ಮುಂದೆ ಹೋಗಿ ಸತ್ತರು. ಈ ಕಥೆಗೆ ಜನ ನಗುತ್ತಿದ್ದರು. ಈಗ ಹೇಳುವುದನ್ನು ಬಿಟ್ಟಿದ್ದೇನೆ.

ಜಯಾ ನನ್ನನ್ನು ಬೈಯಲಿಲ್ಲ. “ನೀ ಸುಳ್ಳು ಹೇಳಲಿಲ್ಲ ಬಿಡಣ್ಣಾ. ಲಗ್ನಪತ್ರಿಕ್ಯಾಗ ಹಂಗ ಇರತೈತಿ” ಎಂದಳು. ಬೈದಿದ್ದರೆ ಚಲೋ ಇತ್ತು.

ನಾನು ಕೇಳುವುದು ಒಂದೇ. ಪ್ರತಿ ಫಲಕದ ಕೆಳಗೆ, ಜಯಾ ಹೇಳಿಕೊಟ್ಟ ಈ ಮಾತು ಬರೆಸಿ: ‘ಒಬ್ಬರ ಬರ್ರಿ. ಯಾರನ್ನೂ ಕರಸೂದಿಲ್ಲ. ಯಾರಿಗೂ ಹೇಳೂದಿಲ್ಲ.’ ನಿಮಗೆ ಪುರುಸೊತ್ತಿಲ್ಲದಿದ್ದರೆ ನನಗೆ ಅಪ್ಪಣೆ ಕೊಡಿ. ಬಣ್ಣ, ಏಣಿ ನಾನೇ ತರುತ್ತೇನೆ. ಏಣಿ ಹಿಡಿಯಲು ಬರುತ್ತೇನೆಂದು ಜಯಾ ಹಟ ಮಾಡಿದಳು. ಬೇಡವೆಂದೆ. ಆ ಬಾಗಿಲ ಮುಂದೆ ನಿಂತವಳ ಹೆಸರು ಅವಳಿಗಿಂತ ಮೊದಲು ಊರು ಮುಟ್ಟುತ್ತದೆ.

ನನ್ನ ಹೆಸರು ಬರೆದರೆ ಅವಳ ಹೆಸರೂ ತಿಳಿಯುತ್ತದೆ. ಆದ್ದರಿಂದ,

ಇಂತಿ,
ಕೇಳಿ ಬಂದವಳನ್ನು ನಗಿಸಹೋಗಿ ತಪ್ಪು ಅರ್ಥ ಹೇಳಿ ಕಳಿಸಿದ
ಅವಳ ಆಪ್ತ